ಚಪಡನ ಬೈಲೈನು, ಮಯೂರಶರ್ಮನ ಕೆರೆ

ಪದವಿ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಎರಡು ಮಾತು ಒಟ್ಟೊಟ್ಟಿಗೇ ಕೇಳಿಸುತ್ತವೆ. ಕಾಲೇಜಿಗೆ ಬರುವ ತರಬೇತುದಾರರು ಹೇಳುತ್ತಾರೆ: ನಿಮ್ಮ ಪರ್ಸನಲ್ ಬ್ರ್ಯಾಂಡ್ ಕಟ್ಟಿಕೊಳ್ಳಿ, ಲಿಂಕ್ಡ್‌ಇನ್‌ನಲ್ಲಿ ದಿನಾ ಏನಾದರೂ ಹಾಕಿ, ನಿಮ್ಮ ಬಗ್ಗೆ ನೀವೇ ಹೇಳಿಕೊಳ್ಳದಿದ್ದರೆ ಇನ್ಯಾರು ಹೇಳುತ್ತಾರೆ? ಸಂಜೆ ಮನೆಗೆ ಬಂದರೆ ಅಜ್ಜಿ ಹೇಳುತ್ತಾಳೆ: ತುಂಬಿದ ಕೊಡ ತುಳುಕಲ್ಲ ಕಣಪ್ಪಾ, ಸುಮ್ಮನೆ ಓದ್ಕೋ. ಹೊಳಲ್ಕೆರೆಯ ಹುಡುಗ ಬೆಂಗಳೂರಿನ ಸಂದರ್ಶನದಲ್ಲಿ "ನಿಮ್ಮ ಬಗ್ಗೆ ಹೇಳಿ" ಎಂದಾಗ ತಡವರಿಸುವುದು ಇಂಗ್ಲಿಷ್ ಬಾರದ್ದಕ್ಕೆ ಮಾತ್ರ ಅಲ್ಲ. ತನ್ನ ಬಾಯಿಂದಲೇ ತನ್ನ ಗುಣಗಾನ ಮಾಡುವುದು ಅವನಿಗೆ ಹೇಸಿಗೆ ಅನ್ನಿಸುವಂತೆ ಬೆಳೆದಿರುತ್ತಾನೆ. ಆ ಹೇಸಿಗೆಯನ್ನು ನಾನು ತಪ್ಪು ಎನ್ನಲಾರೆ. ಆದರೆ ಅದರಿಂದ ಕೆಲಸ ತಪ್ಪಿಹೋಗುವುದೂ ನಿಜ.

ಈ ಪೇಚು ಹೊಸದು ಎಂದು ನಾವು ತಿಳಿದಿದ್ದೇವೆ. ದುರ್ಗದ ಸೀಮೆಯಲ್ಲಿ ಹೆಸರು ಹೇಳಿಕೊಳ್ಳುವ ಕೆಲಸಕ್ಕೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹೆಚ್ಚಿನ ದಾಖಲೆ ಇದೆ. ಅದೂ ಕಲ್ಲಿನ ಮೇಲೆ.

ಜಿಲ್ಲೆಯ ಉತ್ತರದ ತುದಿಯ ಮೊಳಕಾಲ್ಮುರು ತಾಲ್ಲೂಕಿನಿಂದ ಶುರು ಮಾಡೋಣ. ಅಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಹತ್ತಿರ ಹತ್ತಿರದ ಮೂರು ಜಾಗಗಳಲ್ಲಿ ಅಶೋಕನ ಕಿರುಶಾಸನಗಳಿವೆ. ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದದ್ದು 1892ರಲ್ಲಿ. ಸುವರ್ಣಗಿರಿಯ ರಾಜಕುಮಾರ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಸುತ್ತೋಲೆ ಎನ್ನಬಹುದು: ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು. ಇಷ್ಟನ್ನೂ ಹೇಳಿಸಿದ ಚಕ್ರವರ್ತಿಯ ಸ್ವಂತ ಹೆಸರು ಇಲ್ಲಿಲ್ಲ. 'ದೇವಾನಾಂಪಿಯ' ಎಂಬ ಬಿರುದು ಮಾತ್ರ ಇದೆ. ಶಾಸನವೊಂದರಲ್ಲಿ 'ಅಶೋಕ' ಎಂಬ ಹೆಸರೇ ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಆದರೆ ಇಲ್ಲಿ ಇನ್ನೊಬ್ಬನ ಹೆಸರಿದೆ. ಕೊನೆಯಲ್ಲಿ 'ಚಪಡ ಬರೆದದ್ದು' ಎಂದಿದೆ. ನಂತರ 'ಲಿಪಿಕಾರ' ಎಂಬ ಪದ.

ಪತ್ರಿಕೋದ್ಯಮ ಓದಿದವರಿಗೆ ಇದು ಏನೆಂದು ಬಿಡಿಸಿ ಹೇಳಬೇಕಿಲ್ಲ. ಬೈಲೈನು. ನಮ್ಮ ನೆಲದಲ್ಲಿ ಸಿಕ್ಕಿರುವ ಅತಿ ಹಳೆಯ ಬೈಲೈನುಗಳಲ್ಲಿ ಒಂದು. ಸುದ್ದಿಯ ಒಡೆಯನ ಹೆಸರಿಲ್ಲ, ಬರೆದವನ ಹೆಸರಿದೆ!

ಸ್ವಾರಸ್ಯ ಇಲ್ಲಿಗೆ ಮುಗಿಯುವುದಿಲ್ಲ. ಇಡೀ ಶಾಸನ ಎಡದಿಂದ ಬಲಕ್ಕೆ ಓದುವ ಬ್ರಾಹ್ಮಿ ಲಿಪಿಯಲ್ಲಿದೆ. 'ಲಿಪಿಕಾರ' ಎಂಬ ಆ ಕೊನೆಯ ಪದ ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿದೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ಇಲ್ಲಿಂದ ಸಾವಿರ ಮೈಲಿಗೂ ಹೆಚ್ಚು ದೂರದ ವಾಯವ್ಯ ಗಡಿಯಲ್ಲಿ, ಗಾಂಧಾರದ ಕಡೆ. ಚಪಡ ಆ ಕಡೆಯವನೇ ಇರಬೇಕು, ಇಲ್ಲವೇ ಅಲ್ಲಿ ಕೆಲಸ ಮಾಡಿ ಬಂದವನಿರಬೇಕು ಎಂದು ವಿದ್ವಾಂಸರು ಊಹಿಸುತ್ತಾರೆ. ಮೊಳಕಾಲ್ಮುರಿನ ಬಂಡೆಯ ಮುಂದೆ ನಿಂತು ಖರೋಷ್ಠಿ ಓದಬಲ್ಲವರು ಆಗ ಎಷ್ಟು ಜನ ಇದ್ದರು? ಊರಿನವರಿಗಂತೂ ಅದು ಗೀಚಿದಂತೆ ಕಂಡಿರಬೇಕು. ಅಧಿಕಾರಿಗಳ ಬಳಗದಲ್ಲಿ ಒಬ್ಬಿಬ್ಬರಿಗೆ ಗೊತ್ತಾಗಿದ್ದೀತು: ಇವನಿಗೆ ಎರಡು ಲಿಪಿ ಬರುತ್ತದೆ.

ಅವನು ಏನು ಬರೆಯಲಿಲ್ಲ ಎಂಬುದನ್ನೂ ನೋಡಿ. ನುರಿತವನು, ಶ್ರಮಜೀವಿ, ತಂಡದೊಂದಿಗೆ ಹೊಂದಿಕೊಳ್ಳುವವನು, ಹೀಗೆ ಈಗಿನ ಬಯೋಡೇಟಾದ ಯಾವ ಮಾತೂ ಇಲ್ಲ. ಹೆಸರು, ಮಾಡಿದ ಕೆಲಸ, ಕಸುಬು, ಮೂರೇ ವಿಷಯ. ಎರಡು ಲಿಪಿ ಬಲ್ಲೆ ಎಂದು ಅವನು ಹೇಳಿಕೊಳ್ಳಲಿಲ್ಲ. ಎರಡರಲ್ಲೂ ಬರೆದ, ಅಷ್ಟೇ.

ಇದಕ್ಕೆ ತೀರಾ ಬೇರೆ ಬಗೆಯ ಇನ್ನೊಂದು ಕಲ್ಲು ದುರ್ಗದ ಕೋಟೆಯ ಬೆನ್ನಿಗೇ, ಚಂದ್ರವಳ್ಳಿಯಲ್ಲಿದೆ. ಅದು ಕದಂಬ ಮಯೂರಶರ್ಮನದು.

ಮಯೂರಶರ್ಮ ಮೊದಲಿಗೆ ವಿದ್ಯಾರ್ಥಿ. ಅವನ ಕಥೆ ನಮಗೆ ಗೊತ್ತಿರುವುದು ಶಿವಮೊಗ್ಗ ಜಿಲ್ಲೆಯ ತಾಳಗುಂದದ ಕಂಬದ ಶಾಸನದಿಂದ. ಗುರು ವೀರಶರ್ಮನೊಡನೆ ಅವನು ಪಲ್ಲವರ ರಾಜಧಾನಿ ಕಂಚಿಗೆ ಹೋಗಿ, ಅಲ್ಲಿನ ಘಟಿಕೆಗೆ ಸೇರಿದ. ಈಗಿನ ಮಾತಿನಲ್ಲಿ ಹೇಳುವುದಾದರೆ ಹಳ್ಳಿಯಿಂದ ದೊಡ್ಡ ಊರಿನ ದೊಡ್ಡ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಯಿತು, ಅವಮಾನವಾಯಿತು. ಓದು ಬಿಟ್ಟು ಕತ್ತಿ ಹಿಡಿದ. ಶ್ರೀಪರ್ವತದ ಕಾಡು ಸೇರಿ ಪಲ್ಲವರ ಗಡಿಕಾವಲಿನವರನ್ನು ಕಾಡಿದ, ಬಾಣರಿಂದ ಕಪ್ಪ ವಸೂಲು ಮಾಡಿದ. ಕೊನೆಗೆ ಪಲ್ಲವರೇ ರಾಜಿಗೆ ಬಂದರು. ನಾವು ಶಾಲೆಯಲ್ಲಿ ಓದುವಾಗ ಬಿಟ್ಟುಬಿಡುವ ಒಂದು ತಿರುವು ಇಲ್ಲಿದೆ. ಅದೇ ಶಾಸನದ ಪ್ರಕಾರ ಆಮೇಲೆ ಮಯೂರಶರ್ಮ ಪಲ್ಲವರ ಸೇವೆಗೆ ಸೇರಿದ. ಯುದ್ಧಗಳಲ್ಲಿ ಅವರನ್ನು ಮೆಚ್ಚಿಸಿ, ಪಟ್ಟವನ್ನೂ ಪಡುವಣ ಕಡಲಿನಿಂದ ಶುರುವಾಗುವ ನಾಡನ್ನೂ ಪಡೆದ. ಕದಂಬ ರಾಜ್ಯದ ಹುಟ್ಟಿನಲ್ಲಿ ಒಂದು ನೌಕರಿಯೂ ಇದೆ.

ಚಂದ್ರವಳ್ಳಿಯ ಬಂಡೆಯ ಮೇಲಿನ ಶಾಸನ ನಾಲ್ಕನೆಯ ಶತಮಾನದ್ದು. ಪ್ರಾಕೃತದಲ್ಲಿ ಮೂರೇ ಸಾಲು. ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು 1929ರಲ್ಲಿ ಇದನ್ನು ಓದಿದಾಗ ದೊಡ್ಡ ಸಂಚಲನವಾಯಿತು. ಅವರ ಓದಿನಂತೆ ಇದರ ಅರ್ಥ: ಕದಂಬರ ಮಯೂರಶರ್ಮನು ಈ ಕೆರೆಯನ್ನು ಕಟ್ಟಿಸಿದ, ಅವನು ತ್ರೈಕೂಟ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಸೇಂದ್ರಕ, ಪುನ್ನಾಟ, ಮೌಖರಿಗಳನ್ನು ಗೆದ್ದವನು. ಎಂಟು ಹೆಸರು. ಪಾರಿಯಾತ್ರ ಎಂದರೆ ರಾಜಸ್ಥಾನ, ಮಾಳವದ ಕಡೆಯ ಬೆಟ್ಟಸಾಲು. ಮೌಖರಿಗಳು ಗಂಗಾನದಿಯ ಬಯಲಿನವರು. ಬನವಾಸಿಯ ದೊರೆ ಅಷ್ಟು ದೂರ ಹೋಗಿ ಗೆದ್ದು ಬಂದನೇ? ಆಮೇಲೆ ಬಂದ ಹಲವು ವಿದ್ವಾಂಸರು ಒಪ್ಪಲಿಲ್ಲ. ಅಕ್ಷರಗಳು ಸವೆದಿವೆ, ಓದೇ ಸರಿಯಿಲ್ಲ ಎಂದವರಿದ್ದಾರೆ. ಓದು ಸರಿ, ಹೊಗಳಿಕೆ ಅತಿ ಎಂದವರಿದ್ದಾರೆ. ಸುಮಾರು ನೂರು ವರ್ಷವಾದರೂ ಈ ಚರ್ಚೆ ತಣ್ಣಗಾಗಿಲ್ಲ.

ಕೆರೆಯ ಬಗ್ಗೆ ಮಾತ್ರ ಇಷ್ಟು ತಕರಾರಿಲ್ಲ. ಚಂದ್ರವಳ್ಳಿಯಲ್ಲಿ ಆ ಬಂಡೆಯ ಹತ್ತಿರ ನಿಂತವರಿಗೆ ಕೆರೆ ಇವತ್ತಿಗೂ ಕಣ್ಣೆದುರಿಗೇ ಇದೆ.

ನನಗೆ ಈ ಶಾಸನದಲ್ಲಿ ಮುಖ್ಯ ಅನ್ನಿಸುವುದು ಅದೇ. ಗೆಲುವಿನ ಪಟ್ಟಿಯನ್ನು ನಂಬಲು ಓದುಗ ಎಂಟು ದೇಶ ಸುತ್ತಬೇಕು. ಕೆರೆ ಕಟ್ಟಿಸಿದೆ ಎಂಬುದನ್ನು ನಂಬಲು ತಲೆ ತಿರುಗಿಸಿದರೆ ಸಾಕು. ಒಂದೇ ಕಲ್ಲಿನಲ್ಲಿ ಎರಡು ಬಗೆಯ ಮಾತಿದೆ. ಕೆಲಸ ಹುಡುಕುವ ನಾವು ಸಾಮಾನ್ಯವಾಗಿ ಮೊದಲ ಬಗೆಯದನ್ನೇ ಬರೆಯುತ್ತೇವೆ: ಸಂವಹನದಲ್ಲಿ ಪರಿಣತ, ನಾಯಕತ್ವದ ಗುಣ, ಐದು ಸಾಫ್ಟ್‌ವೇರ್ ಗೊತ್ತು. ಇವು ನಮ್ಮ ಶಕಸ್ಥಾನ, ನಮ್ಮ ಪಾರಿಯಾತ್ರ. ಸಂದರ್ಶನ ಮಾಡುವವರು ಇಂಥ ಪಟ್ಟಿಗಳನ್ನು ದಿನಕ್ಕೆ ನೂರು ನೋಡಿರುತ್ತಾರೆ. ಪಕ್ಕದಲ್ಲಿ ಕೆರೆ ಇದೆಯಾ ಎಂಬುದಷ್ಟೇ ಅವರಿಗೆ ಬೇಕು.

ತಾಳಗುಂದದ ಶಾಸನ ಬರೆದ ಕವಿ ಕುಬ್ಜನ ಬಗ್ಗೆಯೂ ಒಂದು ಮಾತು. ಮಯೂರಶರ್ಮನ ಕಾಲಕ್ಕೆ ಸುಮಾರು ನೂರು ವರ್ಷದ ಮೇಲೆ, ಶಾಂತಿವರ್ಮನ ಅಪ್ಪಣೆಯಂತೆ ಅವನು ಇಡೀ ಮನೆತನದ ಹಿರಿಮೆಯನ್ನು ಸೊಗಸಾದ ಸಂಸ್ಕೃತ ಪದ್ಯಗಳಲ್ಲಿ ಬರೆದ. ಜೊತೆಗೆ ಈ ಕಾವ್ಯವನ್ನು ಕಲ್ಲಿನ ಮೇಲೆ ಬರೆದವನು ನಾನೇ ಎಂದು ತನ್ನ ಹೆಸರನ್ನೂ ಸೇರಿಸಿದ. ಅಲ್ಲಿಂದ ಕೂಗಳತೆಯ ಬಳ್ಳಿಗಾವೆಯ ಶಿಲ್ಪಿ ದಾಸೋಜ ಮತ್ತು ಅವನ ಮಗ ಚಾವಣ ಹನ್ನೆರಡನೆಯ ಶತಮಾನದಲ್ಲಿ ಕೆಲಸ ಹುಡುಕಿಕೊಂಡು ಬೇಲೂರಿಗೆ ಹೋದವರು. ತಾವು ಕಡೆದ ಮದನಿಕೆಯರ ಪೀಠದಲ್ಲಿ ಹೆಸರು, ಊರು, ಜೊತೆಗೆ ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದುಗಳನ್ನೂ ಕೊರೆದಿದ್ದಾರೆ. ಅಷ್ಟು ಜಂಬವನ್ನು ನಾವು ಕ್ಷಮಿಸುತ್ತೇವೆ. ಜಂಬದ ಮೇಲೆಯೇ ಮದನಿಕೆ ನಿಂತಿದ್ದಾಳಲ್ಲ!

ಇದು ತಮ್ಮ ಹೆಸರನ್ನು ತಾವೇ ಕೊರೆದವರ ಕಥೆ. ದುರ್ಗದಲ್ಲಿ ಇದಕ್ಕೆ ಎದುರಾದ ಇನ್ನೊಂದು ಪದ್ಧತಿಯೂ ಇದೆ. ಹೆಸರಿನ ಹಿಂದಿನ ಬಿರುದನ್ನು ಜನ ಕೊಡುವುದು. ಬಿಚ್ಚುಗತ್ತಿ ಭರಮಣ್ಣ ನಾಯಕ, ಒನಕೆ ಓಬವ್ವ. ಓಬವ್ವ ಕಹಳೆ ಊದುವ ಕಾವಲುಗಾರನ ಹೆಂಡತಿ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿದಾಗ ಕೈಗೆ ಸಿಕ್ಕ ಒನಕೆಯೇ ಅವಳ ಹೆಸರಾಯಿತು. ಅವಳು ಹಾಕಿಸಿದ ಕಲ್ಲಿಲ್ಲ. ಕೋಟೆ 1779ರಲ್ಲಿ ಬಿದ್ದ ಮೇಲೆ ಅವಳನ್ನು ಉಳಿಸಿದ್ದು ದುರ್ಗದ ಜನರ ಬಾಯಿ. ಊರಾಚೆಗೆ ಒಯ್ದವರಲ್ಲಿ ಮುಖ್ಯರು ತ.ರಾ.ಸು. ಮತ್ತು ಅವರ ಕಾದಂಬರಿಗಳನ್ನು ಆಧರಿಸಿ 1972ರಲ್ಲಿ 'ನಾಗರಹಾವು' ತೆಗೆದ ಪುಟ್ಟಣ್ಣ ಕಣಗಾಲ್. ಸರ್ಕಾರ ಅವಳ ಜಯಂತಿ ಆಚರಿಸಲು ಶುರು ಮಾಡಿದ್ದು 2021ರಲ್ಲಿ. ಕೆಲಸ ಮಾಡಿ ಸುಮ್ಮನಿದ್ದರೆ ಹೆಸರು ತಾನೇ ಬರುತ್ತದೆ ಎನ್ನುವ ಹಿರಿಯರಿಗೆ ಈ ಲೆಕ್ಕ ತೋರಿಸಬೇಕು. ಬರುತ್ತದೆ, ಆದರೆ ಇನ್ನೂರು ವರ್ಷ ಹಿಡಿಯಬಹುದು. ಹೊಟ್ಟೆಪಾಡಿಗೆ ಅಷ್ಟು ಕಾಯಲಾಗುವುದಿಲ್ಲ.

ತ.ರಾ.ಸು. ಎಂಬ ಮೂರಕ್ಷರದ ಕಡೆ ಒಮ್ಮೆ ನೋಡಿ. ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ತಾನು. ತಳುಕು ಇರುವುದು ಚಳ್ಳಕೆರೆ ತಾಲ್ಲೂಕಿನಲ್ಲಿ. ಎಸ್. ನಿಜಲಿಂಗಪ್ಪನವರ 'ಎಸ್' ಎಂದರೆ ದುರ್ಗದ ಹತ್ತಿರದ ಸಿದ್ದವ್ವನಹಳ್ಳಿ. ಸಿದ್ದವನಹಳ್ಳಿ ಕೃಷ್ಣಶರ್ಮರದೂ ಅದೇ ಊರು. ಹಳ್ಳಿಯ ಹುಡುಗ ಪಟ್ಟಣಕ್ಕೆ ಹೋಗುವಾಗ ತನ್ನೂರನ್ನು ಹೆಸರಿನ ಮುಂದೆ ಕಟ್ಟಿಕೊಂಡು ಹೋಗುತ್ತಿದ್ದ. ಹೊಗಳಿಕೆ ಬಂದರೂ ಬೈಗುಳ ಬಂದರೂ ಮೊದಲು ಮುಟ್ಟುತ್ತಿದ್ದದ್ದು ಊರಿಗೆ. ಈಗ ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಿರಿ ಎನ್ನುತ್ತಾರೆ. ನಮ್ಮವರು ಅಪ್ಪನ ಹೆಸರನ್ನೋ ಊರನ್ನೋ 'ಸರ್‌ನೇಮ್' ಖಾನೆಗೆ ತುರುಕಿ, ಮುಂದೆ ಜೀವನಪೂರ್ತಿ ಕಚೇರಿಗಳಲ್ಲಿ 'ಮಿಸ್ಟರ್ ಹೊಸದುರ್ಗ' ಆಗಿ ಓಡಾಡುತ್ತಾರೆ. ಅದೂ ಒಂದು ಬ್ರ್ಯಾಂಡೇ ಅನ್ನಿ.

ತ.ರಾ.ಸು. ಕಾದಂಬರಿಕಾರರಾಗುವ ಮೊದಲು ನಮ್ಮ ಕಸುಬಿನವರು. ಸ್ವಾತಂತ್ರ್ಯ ಚಳವಳಿಯಲ್ಲಿ ಓದು ಬಿಟ್ಟು, 'ವಿಶ್ವ ಕರ್ನಾಟಕ' ಮೊದಲಾದ ಪತ್ರಿಕೆಗಳಲ್ಲಿ ದುಡಿದರು. ಕೈಯಲ್ಲಿ ಡಿಗ್ರಿ ಇಲ್ಲದವನಿಗೆ ಅಚ್ಚಾದ ಬರಹವೇ ಸರ್ಟಿಫಿಕೇಟು. ಅವರು ಹಿಡಿದದ್ದು ಒಂದು ಸೀಮೆ. ದುರ್ಗದ ಪಾಳೆಯಗಾರರ ಕಥೆಯನ್ನು ಕಾದಂಬರಿಯಿಂದ ಕಾದಂಬರಿಗೆ ಬೆಳೆಸುತ್ತ 'ದುರ್ಗಾಸ್ತಮಾನ'ದವರೆಗೆ ಬಂದರು. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಅವರು ತೀರಿಕೊಂಡು ಒಂದು ವರ್ಷವಾಗಿತ್ತು. ಅವರ ದೊಡ್ಡಪ್ಪ ತಳುಕಿನ ವೆಂಕಣ್ಣಯ್ಯನವರದು ಅಜ್ಜಿಯ ಗಾದೆಗೆ ಸರಿಹೊಂದುವ ಬದುಕು. ಬರೆದದ್ದು ಕಡಿಮೆ, ಕಲಿಸಿದ್ದು ಬಹಳ. 1939ರಲ್ಲಿ ಹೋದರು. ಶಿಷ್ಯ ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಅನ್ನು ಅವರಿಗೇ ಅರ್ಪಿಸಿದರು. ತುಂಬಿದ ಕೊಡ ತುಳುಕಲಿಲ್ಲ, ನಿಜ. ಆದರೆ ಆ ಕೊಡ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿತ್ತು, ಪಕ್ಕದಲ್ಲಿ ಕುವೆಂಪು ಕೂತಿದ್ದರು. ಸನ್ಮಾನದ ಭಾಷಣಗಳಲ್ಲಿ ನಮ್ಮಂಥವರನ್ನು 'ಎಲೆಮರೆಯ ಕಾಯಿ' ಎಂದು ಹೊಗಳುವವರು ಒಂದು ಮಾತು ಮರೆಯುತ್ತಾರೆ. ಎಲೆ ಸರಿಸಿ ನೋಡುವವರು ತೋಟಕ್ಕೆ ಬರಬೇಕು. ನಮ್ಮ ತಾಲ್ಲೂಕುಗಳಿಗೆ ಅಂಥವರು ಬರುವುದು ಅಪರೂಪ.

ಹಾಗಾದರೆ ಸಂಕೋಚದವರಿಗೆ ದಾರಿ ಇಲ್ಲವೇ? ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಒಂದು ವಿಚಿತ್ರ ಉತ್ತರ ಸಿಗುತ್ತದೆ. ರಾಘವೇಂದ್ರ ಸ್ವಾಮೀಜಿ ಅಲ್ಲಿ ಅನಾಥ ಸೇವಾಶ್ರಮ ಕಟ್ಟುವ ಮುಂಚೆ ಊರೂರು ತಿರುಗಿ ಯೋಗ, ವ್ಯಾಯಾಮದ ಶಿಬಿರ ನಡೆಸುತ್ತಿದ್ದವರು. ಜನ ಅವರನ್ನು ಕರೆದದ್ದು 'ವ್ಯಾಯಾಮ ಮೇಷ್ಟ್ರು' ಎಂದು. ಬರವಣಿಗೆಗೆ ಅವರೇ ಇಟ್ಟುಕೊಂಡ ಹೆಸರು 'ತಿರುಕ'. ಆತ್ಮಕಥೆಯ ಹೆಸರು 'ಜೋಳಿಗೆಯ ಪವಾಡ'. ತನ್ನನ್ನು ಮೇಲೆತ್ತಿ ಹೇಳಿಕೊಳ್ಳಲು ಒಲ್ಲದವನು ಕೆಳಗಿಳಿಸಿಯೇ ಹೇಳಿಕೊಂಡ. ಆದರೂ ಅದು ಹೇಳಿಕೊಳ್ಳುವುದೇ. ಜೋಳಿಗೆ ಹಿಡಿದು ಮನೆ ಮುಂದೆ ನಿಂತವನು ತಾನು ಯಾರು, ಬೇಡಿದ್ದು ಯಾತಕ್ಕೆ ಎಂದು ಹೇಳಲೇಬೇಕು. ಮುಂದಿನ ವರ್ಷ ಮತ್ತೆ ಅದೇ ಮನೆಗೆ ಬಂದಾಗ ಲೆಕ್ಕವನ್ನೂ ಒಪ್ಪಿಸಬೇಕು.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಿಂದ ನಡೆಯುತ್ತಿರುವ 'ಶಿವಸಂಚಾರ'ವೂ ಇಂಥದ್ದೇ ಒಂದು ತಿರುಗಾಟ. ಪ್ರತಿ ವರ್ಷ ನಾಟಕಗಳನ್ನು ಕಟ್ಟಿಕೊಂಡು ಯುವಕ ಯುವತಿಯರು ನಾಡು ಸುತ್ತುತ್ತಾರೆ. ಆ ಕಲಾವಿದರು 'ನನಗೆ ಅಭಿನಯ ಗೊತ್ತು' ಎಂದು ಬರೆದುಕೊಳ್ಳುವ ಅಗತ್ಯ ಕಡಿಮೆ. ಯಾವ ಊರಲ್ಲಿ ಯಾವ ಪಾತ್ರ ಮಾಡಿದೆ ಎಂದರೆ ಆಯಿತು, ನೋಡಿದವರು ಅಲ್ಲೇ ಇದ್ದಾರೆ.

ಇನ್ನು ಹಿರಿಯೂರು. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಅಣೆಕಟ್ಟಿಗೆ ಸರ್ಕಾರ ಇಟ್ಟ ಹೆಸರು ವಾಣಿವಿಲಾಸ ಸಾಗರ, ರಾಜಮಾತೆಯ ಹೆಸರು. ಜನ ಕರೆಯುವುದು ಮಾರಿಕಣಿವೆ. ನೂರು ವರ್ಷ ದಾಟಿದರೂ ಎರಡೂ ಹೆಸರು ಒಟ್ಟಿಗೇ ಬಾಳುತ್ತಿವೆ. ಮೇಲಿನವರು ಕೊಟ್ಟ ಹೆಸರು ಕಾಗದದಲ್ಲಿ, ಊರಿನವರು ಕೊಟ್ಟದ್ದು ಬಾಯಲ್ಲಿ. 1933ರ ನಂತರ 2022ರ ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ಕೋಡಿ ಬಿದ್ದಾಗ ರಾಜ್ಯವೆಲ್ಲ ಆ ಸುದ್ದಿ ಓದಿತು. 130 ಅಡಿಯ ಮಟ್ಟವನ್ನು ನೀರು ಮುಟ್ಟುವವರೆಗೆ ದಿನದಿನವೂ ಅಡಿ, ಇಂಚು ಬರೆದು ಕಳಿಸಿದ ತಾಲ್ಲೂಕು ವರದಿಗಾರರ ಹೆಸರು ಎಷ್ಟು ಜನರಿಗೆ ಗೊತ್ತು?

ನಮ್ಮ ಕಸುಬಿನ ಕೊರಗು ಇಲ್ಲಿದೆ. ಕನ್ನಡ ಪತ್ರಿಕೆಗಳಲ್ಲಿ ತಾಲ್ಲೂಕಿನ ಸುದ್ದಿ ಬರುವುದು ಬಹುಪಾಲು ಪತ್ರಿಕೆಯ ಹೆಸರಿಗೆ 'ವಾರ್ತೆ' ಸೇರಿಸಿದ ಸಾಲಿನ ಕೆಳಗೆ. ಹೆಸರು ಹಾಕುವುದು ವಿಶೇಷ ವರದಿಗೆ ಮಾತ್ರ. ಅರೆಕಾಲಿಕ ವರದಿಗಾರನಾಗಿ ಐದು ವರ್ಷ ದುಡಿದವನು ಬೆಂಗಳೂರಿನ ಸಂದರ್ಶನಕ್ಕೆ ಹೋದರೆ ತೋರಿಸಲು ಹೆಸರಿರುವ ತುಣುಕು ಹತ್ತೂ ಇರುವುದಿಲ್ಲ. ಕೆಲಸ ಮಾಡಿದ್ದಾನೆ, ಕೆರೆ ಕಟ್ಟಿದ್ದಾನೆ, ಪಕ್ಕದಲ್ಲಿ ಕಲ್ಲಿಲ್ಲ. ಕಲ್ಲು ಮಾತ್ರ ಇದ್ದು ಕೆರೆ ಇಲ್ಲದವನು ಆಗ ಸುಲಭವಾಗಿ ಮುಂದೆ ಹೋಗುತ್ತಾನೆ. ತರಬೇತುದಾರರ ಮಾತಿನಲ್ಲಿ ನಿಜ ಇರುವುದು ಇಷ್ಟೇ ಜಾಗದಲ್ಲಿ, ಆದರೆ ಇರುವುದಂತೂ ಹೌದು.

ಆದ್ದರಿಂದ ಕಿರಿಯರಿಗೆ ಕೆಲವು ಸಣ್ಣ ಮಾತು. ಅಚ್ಚಾದ ಪ್ರತಿ ಸುದ್ದಿಯನ್ನು ದಿನಾಂಕ, ಪುಟ, ಆವೃತ್ತಿಯ ಸಮೇತ ಆ ದಿನವೇ ಉಳಿಸಿಡಿ. ಇ-ಪೇಪರ್‌ನ ಹಳೆಯ ಪುಟ ಬೇಕೆಂದಾಗ ಸಿಗುತ್ತದೆ ಎಂದು ನಂಬಬೇಡಿ. ಹೆಸರಿಲ್ಲದ ವರದಿಯಾದರೆ ನೀವೇ ಬರೆದದ್ದೆಂದು ಹೇಳಬಲ್ಲ ಒಬ್ಬ ಉಪಸಂಪಾದಕರ ಒಪ್ಪಿಗೆ ಕೇಳಿ ಇಟ್ಟುಕೊಳ್ಳಿ. ಎಲ್ಲದರ ಬಗ್ಗೆಯೂ ಬರೆಯುವವನಿಗಿಂತ ಒಂದನ್ನೇ ಬಿಡದೆ ಹಿಡಿದವನನ್ನು ಜನ ಬೇಗ ಗುರುತಿಸುತ್ತಾರೆ. ನಮ್ಮ ಜಿಲ್ಲೆಗಂತೂ ಭದ್ರಾ ಮೇಲ್ದಂಡೆ ಇದೆ. 2023ರ ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಮಾತಿಗೂ ಹೊಲಕ್ಕೆ ಬರುವ ನೀರಿಗೂ ನಡುವೆ ಏನೇನು ನಡೆಯುತ್ತದೆ ಎಂದು ತನ್ನ ಹೋಬಳಿಯಲ್ಲಿ ಕೂತು ಎರಡು ವರ್ಷ ಬರೆದವರಿಗೆ ಬೇರೆ ಪರಿಚಯಪತ್ರ ಬೇಕಾಗುವುದಿಲ್ಲ.

ಹುಡುಗಿಯರ ವಿಷಯದಲ್ಲಿ ತರಬೇತುದಾರರ ಸಲಹೆ ಅರ್ಧಂಬರ್ಧ. ಫೋಟೊ, ಫೋನ್ ನಂಬರು, ಊರು ಎಲ್ಲವನ್ನೂ ಜಾಲತಾಣದಲ್ಲಿ ತೆರೆದಿಡಿ ಎನ್ನುವವರಿಗೆ ಆಮೇಲೆ ಬರುವ ಕರೆಗಳ ಅನುಭವ ಇರುವುದಿಲ್ಲ, ಆ ಕರೆಗಳ ಸುದ್ದಿ ಕೇಳಿ ಅಪ್ಪ ಕೆಲಸವೇ ಬೇಡ ಎನ್ನುವುದೂ ಗೊತ್ತಿರುವುದಿಲ್ಲ. ಕೆಲಸ ತೋರಿಸಲು ಮುಖ ತೋರಿಸಲೇಬೇಕೆಂದಿಲ್ಲ. ಕನ್ನಡದಲ್ಲಿ ಕಾವ್ಯನಾಮಕ್ಕೆ ಒಳ್ಳೆಯ ಮನೆತನವೇ ಇದೆ. ಅನಸೂಯಾ ಶಂಕರ್ ಎಂದರೆ ತಿಳಿಯದ ಓದುಗರಿಗೂ ತ್ರಿವೇಣಿ ಗೊತ್ತು. ಒಂದು ಹೆಸರು, ಒಂದು ಮಿಂಚಂಚೆ, ಬರೆದದ್ದರ ಕೊಂಡಿಗಳು, ಇಷ್ಟಿದ್ದರೆ ಕೆಲಸ ಕೊಡುವವರಿಗೆ ಸಾಕು. ಸಾಕಾಗದವರು ಕೇಳುತ್ತಿರುವುದು ಬೇರೇನನ್ನೋ.

ಬ್ರಹ್ಮಗಿರಿಗೆ ಹೋಗಿಲ್ಲದವರು ಒಮ್ಮೆ ಹೋಗಿ ಬನ್ನಿ, ಮೊಬೈಲಿನಲ್ಲಿ ಶಾಸನದ ಸ್ಪಷ್ಟವಾದ ಚಿತ್ರವೊಂದನ್ನು ಇಟ್ಟುಕೊಂಡು ಹೋದರೆ ಒಳ್ಳೆಯದು. ಕಲ್ಲು ಸವೆದಿದೆ, ಚಪಡನ ಸಾಲು ಬರಿಗಣ್ಣಿಗೆ ಬೇಗ ಸಿಗುವುದಿಲ್ಲ. ಕೊನೆಯ ಸಾಲಿನಿಂದ ಹುಡುಕಿ.